ಸಿದ್ದಮ್ಮನ ಬಿಸಿನೀರು

ನಮ್ಮ ಕಟ್ಟೆಮಳಲವಾಡಿಯ ಮಡಿವಾಳಗಿತ್ತಿ ಸಿದ್ದಮ್ಮ, ರಕ್ತದ ಕಲೆ ಒಣಗಿದ್ದ ಸೀರೆಯ ಮೇಲೆ ಕುದಿನೀರು ಹುಯ್ಯುತ್ತಿದ್ದಳು. ಮೂರು ದಿನದ ಹಿಂದೆ ಹೆರಿಗೆಯಲ್ಲಿ ತೀರಿಕೊಂಡ ಅವಳ ಮಗಳ ಸೀರೆ ಅದು. ಮಗುವೂ ಉಳಿಯಲಿಲ್ಲ. ಊರ ಬಾಣಂತಿಯರ ಬಟ್ಟೆಯನ್ನೆಲ್ಲ ತಣ್ಣೀರು, ಉಪ್ಪಿನಲ್ಲಿ ನೆನೆಸಿ ಕಲೆ ತೆಗೆದವಳು, ನನಗೂ ಅದನ್ನು ಕಲಿಸಿದವಳು, ದುಃಖದಲ್ಲಿ ಮರೆತಳೆಂದು ಓಡಿಹೋಗಿ ಅವಳ ಕೈ ಹಿಡಿದೆ.

"ಬಿಸಿನೀರು ಬ್ಯಾಡ ಸಿದ್ದಮ್ಮ, ಕಲೆ ಕಚ್ಕೊಂಡ್ಬುಡ್ತದೆ!"

"ಗೊತ್ತು ಕಣವ್ವ," ಎಂದಳು ತಲೆಯೆತ್ತದೆ. "ಕಚ್ಕಳ್ಳಿ ಅಂತ್ಲೇ ಉಯ್ತಾ ಇವ್ನಿ. ಅವ್ಳುದು ಇನ್ನೇನೈತೆ ನನ್ತಾವ?"

ಕೈ ಬಿಟ್ಟೆ. ಒಲೆಯ ಮೇಲಿದ್ದ ಇನ್ನೊಂದು ಚೆಂಬು ನೀರನ್ನು ನಾನೇ ತಂದುಕೊಟ್ಟೆ.

ಈಗಲೂ ಮಕ್ಕಳು ಗಾಯ ಮಾಡಿಕೊಂಡು ಬಂದರೆ ಅಂಗಿಯನ್ನು ತಣ್ಣೀರಿಗೇ ಹಾಕುತ್ತೇನೆ. ನೀರು ಕೆಂಪಗಾಗುವ ಹೊತ್ತಿಗೆ ಮಾತ್ರ ಮುಖ ತಿರುಗಿಸಿಬಿಡುತ್ತೇನೆ.