ಚಾಲಕಿಯ ಬಾಗಿಲ ಮೇಲಿನ ಹೆಬ್ಬೆಟ್ಟು

ಹಸಿ ಬಣ್ಣವನ್ನು ಮುಟ್ಟಿದರೆ ಗುರುತು ಉಳಿಯುತ್ತದೆ. ಇದನ್ನು ತಿಳಿಯಲು ಯಾರೂ ಶಾಲೆಗೆ ಹೋಗಬೇಕಿಲ್ಲ. ಆದರೂ ಗ್ಯಾರೇಜಿಗೆ ಕಾಲಿಟ್ಟವರೆಲ್ಲ ಮೊದಲು ಮಾಡುವುದು ಅದನ್ನೇ. "ಒಣಗಿದೆಯಾ?" ಎಂದು ಕೇಳುತ್ತಲೇ ಬೆರಳಿಟ್ಟು ಒತ್ತಿ ನೋಡುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಬರುವ ತನಕ ಕಾಯುವ ವ್ಯವಧಾನವೂ ಇಲ್ಲ.

ಆ ಗ್ಯಾರೇಜಿನ ಪೇಂಟರನಿಗೆ 'ಒಣಗ್ಲಿ' ಎಂಬ ಅಡ್ಡಹೆಸರು ಅಂಟಿದ್ದು ಹೀಗೆ. ಇಪ್ಪತ್ತಾರು ವರ್ಷಗಳಿಂದ ಅವನ ಬಾಯಲ್ಲಿ ಅದೊಂದೇ ಮಾತು. ಯಜಮಾನರ ಬಾಯಲ್ಲೂ ಒಂದೇ ಮಾತು: "ಪಾರ್ಟಿ ಬಂದಿದ್ದಾರೆ, ಮೇಣ ತಿಕ್ಕಿ ಕಳಿಸು." ಮೇಣ ತಿಕ್ಕಿದರೆ ಎರಡು ವಾರ ಫಳಫಳ. ಆಮೇಲೆ ಕಿತ್ತಳೆ ಸಿಪ್ಪೆಯಂಥ ತರಿತರಿ ಮೈ ಎದ್ದು ಕಾಣುತ್ತದೆ, ಬೈಗುಳ ಪೇಂಟರನ ತಲೆಗೆ. ಅವಸರ ಒಬ್ಬರದು, ಅಪಕೀರ್ತಿ ಇನ್ನೊಬ್ಬರದು. ಇದಕ್ಕೆ ವ್ಯವಹಾರ ಎಂಬ ಗೌರವದ ಹೆಸರು ಬೇರೆ!

ಒಣಗ್ಲಿಯ ಅಕ್ಕ ಟ್ಯಾಕ್ಸಿ ಓಡಿಸುತ್ತಿದ್ದಳು. ಹತ್ತೊಂಬತ್ತು ವರ್ಷಗಳ ಹಿಂದೆ ಅವಳ ಕಾರಿಗೆ ಕಡುಗೆಂಪು ಬಣ್ಣ ಹೊಡೆದವನೂ ಇವನೇ. ಅಂದು ಯಜಮಾನರು "ಒಣಗಿದೆಯಾ?" ಎನ್ನುತ್ತ ಚಾಲಕಿಯ ಬಾಗಿಲ ಮೇಲೆ ಹೆಬ್ಬೆಟ್ಟು ಒತ್ತಿಬಿಟ್ಟರು. ತಿದ್ದುವುದಕ್ಕೂ ಬಿಡಲಿಲ್ಲ. ಆ ಗುರುತು ಅಲ್ಲೇ ಉಳಿಯಿತು. ಇವನು ಕಣ್ಣಿಗೆ ಬಿದ್ದಾಗಲೆಲ್ಲ ಅಕ್ಕ, "ನಿಮ್ ಯಜಮಾನ್ರು ದಿನಾ ನನ್ ಜೊತೆ ಸವಾರಿ ಬರ್ತಾರೆ ಕಣೋ, ಬಾಡಿಗೆ ಮಾತ್ರ ಕೊಡಲ್ಲ" ಎಂದು ನಗುವಳು. ಇವನೂ ನಗುವನು. ಒಳಗೊಳಗೇ ಚುರುಕ್ ಎನ್ನುತ್ತಿತ್ತು.

ಕಾರು ಗುಜರಿಗೆ ಹೋಯಿತು, ಅಕ್ಕನೂ ಕೆಲಸ ಬಿಡುವ ದಿನ ಬಂತು. ಭಾನುವಾರ ಅವಳ ಮನೆಯಲ್ಲಿ ಎಲ್ಲರಿಗೂ ಚಹಾ. ಒಣಗ್ಲಿ ಅದೇ ಕಾರಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಹುಡುಕಿ ತಂದ, ಅಂಗೈಯಷ್ಟುದ್ದದ್ದು. ಜೀವಮಾನದಲ್ಲಿ ಒಂದೇ ಒಂದು ಕಾರಾದರೂ ತಾನು 'ಆಯ್ತು' ಎಂದ ದಿನ ತನ್ನ ಕೈಬಿಟ್ಟು ಹೋಗಬೇಕು, ಅದು ಅಕ್ಕನದಾಗಿರಬೇಕು. ಅವನ ಹಟ ಇಷ್ಟೇ.

ಧೂಳಿನ ಕಣವೊಂದು ಕೂತರೂ ಅಷ್ಟು ಚಿಕ್ಕ ಕಾರಿನ ಮೇಲೆ ಅದು ಬಂಡೆಗಲ್ಲು. ಅದಕ್ಕೇ ಬಚ್ಚಲುಮನೆಯ ನೆಲಕ್ಕೆಲ್ಲ ನೀರು ಚಿಮುಕಿಸಿ, ಕಿಟಕಿ ತೆರೆದು, ಅಲ್ಲೇ ಬಣ್ಣ ಹೊಡೆಯತೊಡಗಿದ.

"ರೀ, ಈ ಮನೇಲಿ ಸ್ನಾನ ಆ ಕಾರೊಂದಕ್ಕೇನಾ?" ಹೆಂಡತಿ ಬಾಗಿಲು ಬಡಿದಳು.

"ಧೂಳು ಕೂರಬೇಕು ಕಣೇ."

"ಧೂಳು ಕೂರ್ಲಿ. ನಾನು ಬಕೆಟ್ ಹಿಡ್ಕೊಂಡು ಎಷ್ಟೊತ್ತು ನಿಂತಿರ್ಲಿ?"

ತೆಳುವಾಗಿ ಒಂದು ಕೋಟು, ಕಾಯುವುದು, ನೀರು ಹಾಕಿ ನುಣುಪು ಕಾಗದದಿಂದ ಉಜ್ಜುವುದು, ಮತ್ತೊಂದು ಕೋಟು. ಶುಕ್ರವಾರ ಕೊನೆಯದಾಗಿ ಗಾಜಿನಂಥ ಪಾರದರ್ಶಕ ಕೋಟು ಹೊಡೆದು, ಧೂಳು ಕೂರದಂತೆ ಕಾರಿನ ಮೇಲೊಂದು ಡಬ್ಬಿ ಕವುಚಿದ. ಭಾನುವಾರ ಬೆಳಿಗ್ಗೆ ಡಬ್ಬಿ ಎತ್ತಿದರೆ, ಅಬ್ಬಾ, ಕಿಟಕಿಯ ಸರಳುಗಳು ಒಂದೊಂದಾಗಿ ಕಾರಿನ ನೆತ್ತಿಯ ಮೇಲೆ ಮೂಡಿದ್ದವು. ಒಣಗ್ಲಿ ಮೈಮರೆತ. ಬಣ್ಣದ ವಾಸನೆ ಇನ್ನೂ ಮೂಗಿಗೆ ಬಡಿಯುತ್ತಿತ್ತು. ವಾಸನೆ ಇರುವ ತನಕ ಒಳಗೆ ಹಸಿ ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಆದರೂ ಕೈ ಮುಂದೆ ಹೋಯಿತು. ಹೆಬ್ಬೆರಳು ಹೋಗಿ ಕೂತದ್ದು ಚಾಲಕಿಯ ಬಾಗಿಲ ಮೇಲೆಯೇ.

"ಅಯ್ಯೋ! ಥೇಟ್ ನಿಮ್ ಯಜಮಾನ್ರೇ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮುಖ ನೋಡಿ ಮೆತ್ತಗಾದಳು. "ಒಂಚೂರು ಮೇಣ ತಿಕ್ಬಿಡಿ. ಯಾರಿಗ್ರೀ ಕಾಣುತ್ತೆ?"

ಮೇಣದ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಮುಚ್ಚಳ ತೆಗೆದ. ಒಂದು ಗಳಿಗೆ ನೋಡಿದ. ಮುಚ್ಚಿಟ್ಟ.

ಅಕ್ಕನ ಮನೆಗೆ ಬರಿಗೈಯಲ್ಲಿ ಹೋದವನನ್ನು ಕಂಡು ಭಾವ ಎಲ್ಲರಿಗೂ ಕೇಳುವಂತೆ ಕೂಗಿದರು: "ಒಣಗ್ಲಿ ಬಂದ ನೋಡ್ರಪ್ಪಾ! ಕೈ ಮಾತ್ರ ಚೆನ್ನಾಗಿ ಒಣಗಿದೆ!" ಹಜಾರವೆಲ್ಲ ಗೊಳ್ಳೆಂದಿತು.

"ನಿನ್ ಕಾರು ಮಾಡಿದೀನಕ್ಕಾ, ಇನ್ನೂ ಒಣಗಿಲ್ಲ, ಮೂರು ವಾರ ಬೇಕು," ಎಂದ ಒಣಗ್ಲಿ. "ಬಾಗಿಲ ಮೇಲೆ ಹೆಬ್ಬೆಟ್ಟು ಬಿದ್ದಿದೆ. ಈ ಸಲ ನಂದೇ."

ಅಕ್ಕ ನಕ್ಕ ರಭಸಕ್ಕೆ ಚಹಾ ಸೀರೆಗೆ ಚೆಲ್ಲಿತು. "ಹತ್ತೊಂಬತ್ ವರ್ಷ ಸಹಿಸ್ಕೊಂಡಿದೀನಿ, ಇನ್ನು ಮೂರು ವಾರ ಯಾವ ಲೆಕ್ಕ? ನಿನಗೆ ಯಾವಾಗ ಆಯ್ತು ಅನ್ಸುತ್ತೋ ಆವಾಗ ತಗೊಂಡ್ ಬಾ. ನನಗಿನ್ನೆಲ್ಲಿ ಅವಸರ ಹೋಗೋ!"

ಅವನ ಬದುಕಿನಲ್ಲಿ ಯಾವ ಗಿರಾಕಿಯೂ ಆಡದ ಮಾತು ಅದು.

ಬಣ್ಣ ಕಲ್ಲಾಗಲು ಬಿಟ್ಟ. ಗುರುತು ಅಳಿಯುವಂತೆ ಉಜ್ಜಿ, ಹೊಸ ಕೋಟು ಹೊಡೆದು, ಮತ್ತೆ ಕಾದ. ಕೊನೆಗೆ ಮೆತ್ತನೆ ಬಟ್ಟೆಯಿಂದ ಪಾಲಿಶ್ ಮಾಡಿದ. ಮೂರು ವಾರ ಕಳೆದು ಕಾರನ್ನು ಅಕ್ಕನ ಮೇಜಿನ ಮೇಲಿಟ್ಟಾಗ ಅವಳು ಮುಟ್ಟಲಿಲ್ಲ, ಮೂಗು ತಂದು ಮೂಸಿದಳು. ವಾಸನೆ ಇಲ್ಲ. ದಿನಪತ್ರಿಕೆಯನ್ನು ಬಾಗಿಲಿಗೆ ಎದುರಾಗಿ ಹಿಡಿದಳು. ಹೊಳಪಿನಲ್ಲಿ ಅಕ್ಷರಗಳು ತಿರುಗುಮುರುಗಾಗಿ ಮೂಡಿದವು. ಹಿಂದಿನ ವಾಹನಗಳ ಬರಹವನ್ನು ಕನ್ನಡಿಯಲ್ಲಿ ಓದಿ ಪಳಗಿದ ಕಣ್ಣು, ತಡವರಿಸದೆ ಓದಿದಳು: "ನಾಳೆ ನೀರು ಬರುವುದಿಲ್ಲ."

"ಅಯ್ಯೋ, ಬಕೆಟ್ ತುಂಬಿಸ್ಬೇಕು!" ಎಂದಳು ಒಣಗ್ಲಿಯ ಹೆಂಡತಿ.

ಅಕ್ಕ ಬಾಗಿಲನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. "ಅಂತೂ ನಿಮ್ ಯಜಮಾನ್ರು ಇಳಿದು ಹೋದ್ರು ಕಣೋ," ಎಂದಳು.

ಮರುದಿನ ಗ್ಯಾರೇಜಿನಲ್ಲಿ, "ಪಾರ್ಟಿ ಬಂದಿದ್ದಾರೆ, ಮೇಣ ತಿಕ್ಕಿ ಕಳಿಸು" ಎಂಬ ಕೂಗು ಎದ್ದಿತು. ಒಣಗ್ಲಿ ತಲೆ ಎತ್ತದೆ, "ಶುಕ್ರವಾರ ಬರೋಕೆ ಹೇಳಿ" ಎಂದ.

ಆ ಪಾರ್ಟಿ ಬೇರೆ ಯಾರೂ ಅಲ್ಲ, ನೀವೇ. ಬುಧವಾರ ಫೋನ್ ಮಾಡಿ ಅವಸರಪಡಿಸಬೇಡಿ. ಶುಕ್ರವಾರವೇ ಹೋಗಿ. ಪೇಂಟರನ ಹೆಸರು ಕೇಳಿ ತಿಳಿದುಕೊಳ್ಳಿ. ಅವನು 'ಆಯ್ತು' ಎನ್ನುವವರೆಗೆ ನಿಮ್ಮ ಎರಡೂ ಕೈ ಜೇಬಿನಲ್ಲಿರಲಿ.