ಬಣ್ಣ ಬಿಡದ ಕಿವಿ

ನಮ್ಮ ಮನೆಯ ಬೆಕ್ಕು ಬಿಳಿಯದು ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದನ್ನು ಅವರು ಬಿಳಿಯಾಗಿ ನೋಡಿದ್ದೇ ಅಪರೂಪ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ, ಹಿತ್ತಿಲಲ್ಲೇ ರೇಷ್ಮೆಗೆ ಬಣ್ಣ ಹಾಕುವ ಮನೆಯವರು ಬಿಳಿ ಬೆಕ್ಕು ಸಾಕುವುದು ಬುದ್ಧಿವಂತಿಕೆಯ ಕೆಲಸವಲ್ಲ. ಬಣ್ಣದ ಹಂಡೆಯಿಂದ ತೆಗೆದ ರೇಷ್ಮೆ ನೂಲಿನ ಲಡಿಗಳನ್ನು ಬಿದಿರಿನ ಗಳಕ್ಕೆ ನೇತುಹಾಕಿ ಒಣಗಿಸುತ್ತೇವೆ. ಮಲಗಲು ಊರೆಲ್ಲ ಜಾಗವಿದ್ದರೂ ನಮ್ಮ ಬೆಕ್ಕು ಬೆಳ್ಳಿಗೆ ಆ ಗಳದ ಕೆಳಗಿನ ಬಿಸಿಲೇ ಬೇಕಾಗಿತ್ತು. ಮೇಲಿನಿಂದ ತೊಟ್ಟಿಕ್ಕಿದ್ದೆಲ್ಲ ಅದರ ಮೈಮೇಲೆ. ಹೀಗಾಗಿ ಒಂದು ತಿಂಗಳು ಅದರ ಬೆನ್ನು ಗಿಣಿಹಸಿರಾದರೆ ಇನ್ನೊಂದು ತಿಂಗಳು ಬಾಲ ನೇರಳೆ.

ಮಗ್ಗಕ್ಕೆ ಯಾವ ಬಣ್ಣ ಏರಿಸಿದ್ದೇವೆ ಎಂಬುದನ್ನು ಸೀರೆ ಇಳಿಯುವವರೆಗೆ ಗುಟ್ಟಾಗಿಡುವುದು ನಮ್ಮ ಕಸುಬಿನ ರೂಢಿ. ನಾನು ಬಾಗಿಲು ಹಾಕಿಕೊಂಡು ನೇಯುತ್ತಿದ್ದರೆ ಬೆಳ್ಳಿ ಎದುರುಮನೆಯ ಜಗಲಿಯ ಮೇಲೆ ಮೈಚಾಚಿ ಮಲಗಿ ಗುಟ್ಟನ್ನೆಲ್ಲ ರಟ್ಟು ಮಾಡುತ್ತಿತ್ತು. ಎದುರುಮನೆಯ ಸಿದ್ದರಾಜನೂ ನೇಕಾರನೇ. "ಏನ್ಲಾ, ಈ ಸಾರಿ ರಾಣಿ ಗುಲಾಬಿಯಾ? ನಾನೂ ಅದ್ನೇ ಏರುಸ್ತೀನಿ ಬುಡು" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಒಮ್ಮೆ ಬಾಯಿತಪ್ಪಿ ಅಂದೆ. ಅದು ನನ್ನ ಹೆಂಡತಿ ರತ್ನಳ ತವರಾದ ಯಳಂದೂರಿನಿಂದ ಬಂದದ್ದು ಎಂಬುದನ್ನು ಮರೆತಿದ್ದೆ. ಆ ದಿನದ ಸಾರಿನಲ್ಲಿ ಉಪ್ಪಿರಲಿಲ್ಲ.

ಬೆಕ್ಕನ್ನೇ ಯಾಕೆ ದೂರಬೇಕು, ನನ್ನ ಬಾಯಿಯ ಬಣ್ಣವೂ ಊರಿಗೆಲ್ಲ ಗೊತ್ತಿದ್ದದ್ದೇ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಪದೇ ಪದೇ ಏಳಲಾಗುವುದಿಲ್ಲ. ರೇಷ್ಮೆಯ ಹತ್ತಿರ ಉಗುಳುವ ಮಾತಂತೂ ಇಲ್ಲ. ಆದ್ದರಿಂದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲವನ್ನೂ ಸೇರಿಸಿ ಎಡಗೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಂಡರೆ ಊಟದ ಹೊತ್ತಿನವರೆಗೆ ಚಿಂತೆಯಿರಲಿಲ್ಲ. ನನ್ನಪ್ಪನೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದರು. ಮಗ್ಗದ ಜೊತೆಗೆ ಬಂದ ಆಸ್ತಿ ಇದೊಂದೇ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಮಗ್ಗದ ಮೇಲೆ ಕುಂಕುಮಗೆಂಪು ಇತ್ತು. ಬೆಳ್ಳಿಯ ಬೆನ್ನ ಮೇಲೂ ಇತ್ತು, ಬಲಗಿವಿಯ ತುದಿಯಲ್ಲೂ ಇತ್ತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಬಿಳಿ ಬೆಕ್ಕಿನ ಕಿವಿ ಕೆಂಪಗಾದರೆ ಏನಾಯಿತೋ ಎಂದು ನೋಡುತ್ತಾರೆ. ನಾವು ಬಣ್ಣ ಚೆನ್ನಾಗಿ ಹತ್ತಿದೆ ಎಂದು ಸಂತೋಷಪಟ್ಟೆವು. ಆ ಸೀರೆಗಳು ಇಳಿದು ನವಿಲುನೀಲಿ ಏರಿತು. ಬೆಳ್ಳಿಯೂ ನೀಲಿಯಾಯಿತು. ಒಂದು ಬೆಳಿಗ್ಗೆ ಹಾಲು ಹಾಕಲು ಬಗ್ಗಿದ ರತ್ನ ಹಾಗೇ ನಿಂತುಬಿಟ್ಟಳು.

"ಅಲ್ಲ ಕಣ್ರಿ, ಮೈಯೆಲ್ಲ ನೀಲಿ ಆಗದ. ಈ ಕಿವಿ ಯಾಕ ಇನ್ನೂ ಕೆಂಪಗದ?"

"ನಮ್ ಬಣ್ಣ ಅಂದ್ರ ಸುಮ್ನ ಅಂದ್ಕಂಡಾ? ಬುಡಕಿಲ್ಲ ಅದು" ಎಂದು ನಾನು ಮಗ್ಗದಿಂದಲೇ ಹೆಮ್ಮೆಪಟ್ಟೆ.

ಅವಳು ಸೆರಗಿನ ತುದಿಯನ್ನು ಒದ್ದೆ ಮಾಡಿ ಕಿವಿಯನ್ನು ಒರೆಸಿದಳು. ಬಟ್ಟೆಗೆ ಬಣ್ಣ ಹತ್ತಲಿಲ್ಲ. ಬೆಳ್ಳಿ ತಲೆ ಕೊಡವಿ ಹಿಂದೆ ಸರಿಯಿತು. ಹತ್ತಿರ ಹೋಗಿ ನೋಡಿದರೆ ಕಿವಿಯ ತುದಿಯಲ್ಲಿ ತೆಳ್ಳನೆಯ ಹಕ್ಕಳೆ, ಅದರಡಿಯಲ್ಲಿ ಹಸಿ ಹುಣ್ಣು. ನಮ್ಮ ಸೀರೆ ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗಳ ಮುಂದೆ ಆಣೆ ಮಾಡುತ್ತಾ ಬಂದವನು ನಾನು. ಅವತ್ತು ಮಾತ್ರ ಸೆರಗಿನ ಇನ್ನೊಂದು ತುದಿಯನ್ನು ಒದ್ದೆ ಮಾಡಿಕೊಂಡು, ಒಂದಿಷ್ಟಾದರೂ ಬಣ್ಣ ಬಿಡಪ್ಪಾ ಎಂದು ಬೇಡಿಕೊಂಡೆ. ಬಿಡಲಿಲ್ಲ.

ಮುಚ್ಚಳದ ಬುಟ್ಟಿಯಲ್ಲಿ ಬೆಳ್ಳಿಯನ್ನು ಕೂರಿಸಿ ಆಟೋ ಹತ್ತಿ ದನದ ಆಸ್ಪತ್ರೆಗೆ ಹೋದೆವು. ಅಲ್ಲಿ ರಾಮಾಪುರದ ಕಡೆಯ ರೈತರೊಬ್ಬರು ಕಂದು ಬಣ್ಣದ ಹೆಣ್ಣುನಾಯಿಯನ್ನು ಹಿಡಿದು ಬೆಂಚಿನ ಮೇಲೆ ಕೂತಿದ್ದರು.

"ಏನ್ ಸಾ, ಕೋಳಿಯಾ?" ಎಂದರು.

ನಾನು ಮುಚ್ಚಳ ತೆರೆದು ತೋರಿಸಿದೆ. ಅವರು ನೀಲಿ ಬೆಕ್ಕನ್ನು ನೋಡಿ, ನನ್ನನ್ನು ನೋಡಿ, ನಾಯಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ತಮ್ಮ ನಾಯಿಯ ವಿಷಯ ಹೇಳಿದರು. "ಮೊಲೆ ಪಕ್ಕದಲ್ಲಿ ಒಂದು ಗಂಟಾಗದ ಸಾ. ಕಡ್ಲೆಕಾಳಷ್ಟಿತ್ತು, ಈಗ ಅಡ್ಕೆಯಷ್ಟಾಗದ. ಊರೋರೆಲ್ಲಾ ಹಾಲು ಕಟ್ಕಂಡದ ಅಂದ್ರು. ಮರಿ ಆಕಿ ವರ್ಸಾನ್‌ಗಟ್ಲ ಆಯ್ತು, ಹಾಲು ಎಲ್ಲಿಂದ ಬಂದದು? ಅದ್ಕೇ ತಕಂಡ್ ಬಂದಿ."

ಅವರ ಮಾತು ಕೇಳುತ್ತಾ ನನಗೆ ಒಂದು ಯೋಚನೆ ಬಂತು. ನಾವು ಸಾಕುಪ್ರಾಣಿಗಳ ಮೈ ಸವರುವುದು ನಮ್ಮ ಸುಖಕ್ಕೆ. ಕೈ ಮೈಮೇಲೆ ಓಡಾಡುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ರೇಷ್ಮೆಯ ಎಳೆಯಲ್ಲಿ ಸಣ್ಣದೊಂದು ಗಂಟು ಬಂದರೂ ಕತ್ತಲಲ್ಲಿ ಹಿಡಿಯುವ ಈ ಬೆರಳುಗಳು ವರ್ಷಗಟ್ಟಲೆ ಬೆಳ್ಳಿಯನ್ನು ಸವರಿದವು, ಹುಡುಕಲಿಲ್ಲ. ಬೆಕ್ಕಾದರೋ ನೋವನ್ನು ಹೇಳಿಕೊಳ್ಳುವ ಜಾತಿಯಲ್ಲ. ಹಾಲು ತಡವಾದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ, ಹುಣ್ಣಾದರೆ ಮೂಲೆ ಸೇರಿ ಸುಮ್ಮನಿರುತ್ತದೆ.

ಒಳಗಿದ್ದ ಡಾಕ್ಟರಮ್ಮ ಬೆಳ್ಳಿಯನ್ನು ಮೇಜಿನ ಮೇಲೆ ನಿಲ್ಲಿಸಿ ಬಹಳ ಹೊತ್ತು ನೋಡಿದರು. "ಇದು ಯಾವ ಜಾತಿ?" ಎಂದು ಕೇಳಿದರು.

"ಯಳಂದೂರಿಂದು" ಎಂದಳು ರತ್ನ.

ನಾನು ಬಣ್ಣದ ಕತೆಯೆಲ್ಲ ಹೇಳಿದೆ. ಅವರು ನಗುತ್ತಲೇ ಕಿವಿಯನ್ನು ಮಡಿಚಿ ನೋಡಿದರು. ಆಮೇಲೆ ನಗಲಿಲ್ಲ. "ಬಿಳಿ ಬೆಕ್ಕಿಗೆ ಕಿವಿ ತುದೀಲಿ ಕೂದಲು ಕಮ್ಮಿ, ಚರ್ಮದಲ್ಲಿ ಬಿಸಿಲು ತಡೆಯೋ ಬಣ್ಣಾನೂ ಇರಲ್ಲ. ಬಿಸಿಲು ತಿಂದೂ ತಿಂದೂ ಹೀಗಾಗುತ್ತೆ. ಕ್ಯಾನ್ಸರ್ ಇರಬಹುದು. ಇನ್ನೂ ತುದೀಲೇ ಇದೆ, ಅಷ್ಟನ್ನು ಕತ್ತರಿಸಿ ತೆಗೆದರೆ ಉಳಿಯುತ್ತೆ ಅಂತ ಕಾಣುತ್ತೆ. ತುಣುಕನ್ನು ಮೈಸೂರಿಗೆ ಕಳಿಸಿ ಪರೀಕ್ಷೆ ಮಾಡಿಸೋಣ. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ" ಎಂದರು. ಊರಿಗಿರುವ ಬಣ್ಣವನ್ನೆಲ್ಲ ನಮ್ಮ ಮನೆ ಅದರ ಮೈಮೇಲೆ ಸುರಿದಿತ್ತು. ಅದಕ್ಕೆ ಬೇಕಾಗಿದ್ದ ಬಣ್ಣವೊಂದೇ ಇರಲಿಲ್ಲ.

ಅರಿವಳಿಕೆ ಕೊಟ್ಟು ಕಿವಿಯ ತುದಿ ತೆಗೆದರು. ಮೈಸೂರಿನಿಂದ ಉತ್ತರ ಬರುವವರೆಗೆ ನಾನು ನೇಯ್ದ ಸೀರೆಯಲ್ಲಿ ಎಷ್ಟು ತಪ್ಪುಗಳಿದ್ದವೋ ದೇವರಿಗೇ ಗೊತ್ತು. ಒಂದು ಬೆಕ್ಕಿಗಾಗಿ ಇಷ್ಟೊಂದು ಹೆದರುತ್ತೇನೆಂದು ನಾನು ಎಣಿಸಿರಲಿಲ್ಲ. ರತ್ನ ಬೆಕ್ಕನ್ನು ತೆಲುಗಿನಲ್ಲಿ ಬೈಯುವುದನ್ನು ಬಿಟ್ಟಿದ್ದಳು. ತೆಲುಗು ಮೂಲದ ನಮ್ಮ ಮನೆಯಲ್ಲಿ ಮಾತುಕತೆ, ವ್ಯಾಪಾರ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಬೈಗುಳವಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಕೊನೆಗೆ ಉತ್ತರ ಬಂತು. ಕಾಯಿಲೆ ಅದೇ, ಆದರೆ ಕತ್ತರಿಸಿದ ಅಂಚಿನಲ್ಲಿ ಅದರ ಸುಳಿವಿಲ್ಲ. ಬಿಸಿಲಿಗೆ ಬಿಡಬೇಡಿ, ಆಗಾಗ ತಂದು ತೋರಿಸಿ ಎಂದರು ಡಾಕ್ಟರಮ್ಮ. ರಾಮಾಪುರದ ನಾಯಿಗೂ ಗಂಟು ತೆಗೆದಿದ್ದರು. ಹೊಲಿಗೆ ಬಿಚ್ಚಿಸಲು ಬಂದಿದ್ದ ಅದು ಬುಟ್ಟಿಯನ್ನು ಕಂಡು ಬೊಗಳಿತು. ಬೆಳ್ಳಿ ಒಳಗಿನಿಂದಲೇ ಬುಸ್ಸೆಂದಿತು. ಇಬ್ಬರೂ ಚೆನ್ನಾಗಿದ್ದಾರೆ ಎಂದು ನಮಗೆ ಸಮಾಧಾನವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂತು. ಮಗ್ಗದ ಬಣ್ಣ ಬದಲಾದಾಗಲೆಲ್ಲ ರತ್ನ ಬೆಳ್ಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಕಿವಿ, ಬಾಯಿ, ಮೊಲೆ, ಕಂಕುಳು, ಎಲ್ಲವನ್ನೂ ಒತ್ತಿ ನೋಡುತ್ತಾಳೆ. ಮೊದಲ ಸಲ ಹೀಗೆ ನೋಡಿ ಮುಗಿಸಿದವಳು ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು.

"ಬಾಯಿ ಮುಕ್ಕಳಿಸ್ರಿ."

"ನನ್ಗೇನಾಗದ?"

"ಅದೂ ಹಂಗೇ ಅಂದ್ಕಂಡಿತ್ತು."

ಮುಕ್ಕಳಿಸಿದೆ. ಕೆಂಪೆಲ್ಲ ನೀರಿನಲ್ಲಿ ಹೋಯಿತು. ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಮಾತ್ರ ಹೋಗಲಿಲ್ಲ. ಸುಣ್ಣ ಸುಟ್ಟಿದೆ ಎಂದು ಆರು ತಿಂಗಳಿಂದ ಅದಕ್ಕೆ ನಾನೇ ಹೆಸರಿಟ್ಟಿದ್ದೆ. ರತ್ನ ಆಟೋ ಕರೆದಳು. ಈ ಸಲ ಮನುಷ್ಯರ ಆಸ್ಪತ್ರೆಗೆ. ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, ಇನ್ನೂ ಕ್ಯಾನ್ಸರ್ ಆಗಿಲ್ಲ, ಹೀಗೇ ಬಿಟ್ಟರೆ ಆಗಬಹುದು, ಹೊಗೆಸೊಪ್ಪು ಅಡಿಕೆ ಇವತ್ತಿಗೇ ಮುಗಿಯಿತು ಎಂದರು. ನನ್ನನ್ನು ಆಸ್ಪತ್ರೆಗೆ ತಂದದ್ದು ಒಂದು ಬೆಕ್ಕು ಎಂದು ಅವರಿಗೆ ಹೇಳಲು ಹೋಗಲಿಲ್ಲ.

ಈಗ ಬೆಳ್ಳಿ ಒಳಗೆ ನೆರಳಿನಲ್ಲಿ, ಮಗ್ಗದ ಪಕ್ಕದಲ್ಲೇ ಮಲಗುತ್ತದೆ. ನನ್ನ ಕೆನ್ನೆಯೊಳಗೆ ಒಂದು ಲವಂಗ. ಇಬ್ಬರಿಗೂ ರತ್ನಳ ಮೇಲೆ ಒಳಗೊಳಗೇ ಮುನಿಸಿದೆ. ಮೊನ್ನೆ ಸಿದ್ದರಾಜ ಬಣ್ಣದ ಸುಳಿವು ಸಿಗದೆ ಬಾಗಿಲವರೆಗೂ ಬಂದ. ಬೆಕ್ಕನ್ನು ನೋಡಿದ, ನನ್ನ ಬಾಯಿಯನ್ನು ನೋಡಿದ.

"ಬೆಕ್ಕೂ ಬೆಳ್ಳಗದ, ನಿನ್ ಬಾಯೂ ಬೆಳ್ಳಗದ. ಮಗ್ಗ ನಿಲ್ಸ್‌ಬುಟ್ಟಿಯೇನ್ಲಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದ.

ಇಲ್ಲ, ಇನ್ನೂ ಬಹಳ ದಿನ ನೇಯುವ ಯೋಚನೆಯಿದೆ ಎಂದು ಹೇಳಿ ಲಾಳಿ ಎಸೆದೆ. ಬಾಗಿಲು ಹಾಕಿಕೊಳ್ಳಬೇಕೆಂದು ಅನ್ನಿಸಲಿಲ್ಲ.