ಸುಳ್ಳು ಸುದ್ದಿಗೊಂದು ಪ್ಲಮ್ ಕೇಕು

ಫ್ರಾವ್ ಐಸೆನ್‌ರೀಡರ್ ಅವರನ್ನು ಸರಕು ನೋಡುವ ಕಣ್ಣಿನಿಂದ ನೋಡಿದರೆ: ಕೋಟು ಒಳ್ಳೆಯ ಉಣ್ಣೆಯದು, ತೋಳು ಸವೆದಿದೆ, ಬೂಟಿಗೆ ಎರಡು ಸಲ ಹೊಸ ಅಟ್ಟೆ ಹಾಕಿಸಿದ್ದಾರೆ, ಮುಖಕ್ಕೆ ವರ್ಷಗಟ್ಟಲೆ ನಿದ್ದೆ ಬಾಕಿ. ಚೌಕಾಸಿ ಎಂಬುದೇ ಗೊತ್ತಿಲ್ಲ. ಮ್ಯೂನಿಕ್ ಹೊರವಲಯದ ನನ್ನ ಬೇಕರಿಗೆ ಇಂಥ ಗಿರಾಕಿಗಳು ಹತ್ತು ಜನ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಎರಡನೇ ಒಲೆ ಹಾಕಿಸಿರುತ್ತಿದ್ದೆ.

ಅವರ ಕೆಲಸ ಎದುರಿನ ಖಗೋಳ ಸಂಸ್ಥೆಯಲ್ಲಿ. ಎಲ್ಲೋ ಬಲುದೂರದಲ್ಲಿ ನಕ್ಷತ್ರವೊಂದು ಸತ್ತರೆ ಗಾಮಾ ಕಿರಣ ಭುಗಿಲೆದ್ದು ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತದೆ. ಭೂಮಿಯನ್ನು ಸುತ್ತುವ ದೂರದರ್ಶಕ ಅದನ್ನು ಕಂಡೊಡನೆ ಸರದಿಯಲ್ಲಿರುವವರ ಫೋನು ಕಿರುಚುತ್ತದೆ. ನಿಜವೋ ಸುಳ್ಳೋ ಆಗಿಂದಾಗ ತೀರ್ಮಾನಿಸಿ ಲೋಕದ ದೂರದರ್ಶಕಗಳಿಗೆಲ್ಲ ಸುದ್ದಿ ಕಳಿಸಬೇಕು. ತಡವಾದರೆ ಹಿಂದೆ ಉಳಿಯುವ ಮಂದ ಬೆಳಕೂ ಕೈಗೆ ಸಿಗದು. ಸುದ್ದಿ ಸುಳ್ಳೆಂದು ಹಿಂತೆಗೆದುಕೊಂಡವರು ಸೋಮವಾರದ ಸಭೆಗೆ ನನ್ನ ಅಂಗಡಿಯ ಪ್ಲಮ್ ಕೇಕು ತರಬೇಕು. ಅದು ಅಲ್ಲಿಯ ಕಟ್ಟಳೆ. ಆಕಾಶ ಅವರಿಗೆ ಕೈಕೊಟ್ಟಾಗಲೆಲ್ಲ ನನಗೆ ವ್ಯಾಪಾರ.

ಆ ವರ್ಷ ಅವರು ಆಗಲೇ ಎರಡು ಕೇಕು ಒಯ್ದಿದ್ದರು. ಚಿಲಿಯ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದವರು, 'ಈಕೆಯ ಮಾತು ಕೇಳಿ ಇನ್ನೊಮ್ಮೆ ಮೋಸ ಹೋದರೆ ಸರದಿಯಿಂದಲೇ ತೆಗೆಯಿರಿ' ಎಂದು ಸಂಸ್ಥೆಗೆ ಹೇಳಿಬಿಟ್ಟಿದ್ದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವರು ನನ್ನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದಾಗ ಫೋನು ಕಿರುಚಿತು.

"ಮೂರನೇದಾ, ಫ್ರಾವ್ ಡಾಕ್ಟರ್? ಹಿಟ್ಟು ಕಲಸ್ಲಾ?" ಎಂದೆ.

"ಸ್ವಲ್ಪ ಬಾಯಿ ಮುಚ್ಕೊಂಡಿರಿ, ಹೆರ್ ಹಾಸ್ಲಿಂಗರ್." ಫೋನಿನ ಪರದೆಯ ಮೇಲೆ ಗೆರೆಯೊಂದು ಚಿಮ್ಮಿತ್ತು. "ನಿಜ ಅನ್ಸುತ್ತೆ. ಆದ್ರೆ ಎಷ್ಟು ಸುಸ್ತಾಗಿದೆ ಅಂದ್ರೆ, ನನ್ನ ಕಣ್ಣನ್ನ ನಾನೇ ನಂಬಲಾರೆ."

"ಹಾಗಾದ್ರೆ ಸುಮ್ನಿದ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನಕ್ಷತ್ರ ಇನ್ನೊಂದ್ಸಲ ಸಾಯಲ್ಲ ರೀ."

ಕಳಿಸಿಯೇಬಿಟ್ಟರು. ಚಿಲಿಯಲ್ಲಿ ಇನ್ನೂ ಕತ್ತಲೆ. ಅಲ್ಲಿಯವರು ತಮ್ಮ ಕೆಲಸ ಬಿಟ್ಟು ದೂರದರ್ಶಕ ತಿರುಗಿಸಿದರು. ಇಲ್ಲಿ ಕಾಫಿ ಆರುವಷ್ಟರಲ್ಲಿ ಉಳಿದ ಅಂಕಿಗಳೂ ಬಂದವು. ದೂರದರ್ಶಕ ಹೊತ್ತ ಉಪಗ್ರಹವು ಭೂಮಿಯ ಸುತ್ತಲಿನ ವಿದ್ಯುತ್ಕಣಗಳ ದಟ್ಟಣೆಯೊಳಗೆ ಹೊಕ್ಕಿತ್ತು. ಗೆರೆ ಚಿಮ್ಮಿಸಿದ್ದು ಆ ಗದ್ದಲ, ನಕ್ಷತ್ರವಲ್ಲ.

ಇಂಥ ಹೊತ್ತಿನಲ್ಲಿ ಎರಡು ಸಾಲು ಬರೆದು ಕಳಿಸಿದರೆ ಸಾಕು, ಯಾರ ದನಿಯನ್ನೂ ಕೇಳಬೇಕಾಗಿಲ್ಲ. ಅವರು ಬರೆದರು, ಬರೆದ ಮೇಲೆ ಚಿಲಿಗೆ ಫೋನನ್ನೂ ಮಾಡಿದರು.

"ಇಬಾರಾ ಅವ್ರೇ, ನಾನು ವಾಲ್ಬುರ್ಗಾ. ಸುದ್ದಿ ಸುಳ್ಳು. ನಿಮ್ಮ ಕೆಲಸಕ್ಕೆ ವಾಪಸ್ ಹೋಗಿ."

"ಮತ್ತೆ ನೀವೇನಾ!" ಆಚೆಯವರ ಕೂಗು ಗಲ್ಲಾದವರೆಗೂ ಕೇಳಿಸಿತು. "ಯಂತ್ರ ಕೆಟ್ಟಿದ್ಯಾ?"

"ಯಂತ್ರ ಸರಿಯಾಗೇ ತೋರಿಸ್ತು. ತಪ್ಪಾಗಿ ಓದಿದ್ದು ನಾನು."

ಆ ಕಡೆಯ ದನಿ ತಗ್ಗಿತು. "ಹೋಗಿ ಮಲ್ಕೊಳ್ಳಿ ತಾಯೀ," ಎಂದು ಇಬಾರಾ ಫೋನಿಟ್ಟರು.

ಸೋಮವಾರ ಸರದಿಯ ಫೋನು ಬೇರೆಯವರ ಕೈಸೇರಿತು. ಇವರು ವಾದಿಸಲಿಲ್ಲ, ಕೇಕು ಕೊಯ್ದು ಎಲ್ಲರಿಗೂ ಹಂಚಿದರಂತೆ. "ಈಗಲಾದ್ರೂ ನಿದ್ದೆ ಬರುತ್ತಾ?" ಎಂದು ಮೊನ್ನೆ ಕೇಳಿದೆ. "ಎಲ್ಲಿ? ಕಿರುಚೋಕೆ ಫೋನು ಇಲ್ದಿದ್ರೂ ಎಚ್ಚರ ಆಗುತ್ತೆ," ಎಂದರು.

ಸೀದದ್ದೋ ಹಳಸಿದ್ದೋ ಅಂಗಡಿ ದಾಟಿ ಹೋದದ್ದು ತಿಳಿದರೆ, ಗಿರಾಕಿ ಬೈಯುವ ಮೊದಲೇ ನಾನೇ ಫೋನು ಮಾಡಿ ತಪ್ಪು ನನ್ನದು ಎನ್ನುತ್ತೇನೆ. ಕಲಿತದ್ದು ಫ್ರಾವ್ ಐಸೆನ್‌ರೀಡರ್ ಅವರಿಂದ. ಅದಕ್ಕೆ ನಾನು ಅವರಿಗೆ ಋಣಿ.